ಎಂಜಲು ಕೊಟ್ಟು ಶುಗರ್ ತಿಳಿಯುವ ಜೀನ್ ಕಿಟ್: ದುಡ್ಡು ಹಾಕಬಹುದೇ?

ಡಬ್ಬಿಯೊಳಗೆ ಇರುವುದಿಷ್ಟು: ಆಲಿಕೆ ಸಿಕ್ಕಿಸಿದ ಪ್ಲಾಸ್ಟಿಕ್ ನಳಿಗೆ, ಡಿಎನ್‌ಎ ಕೆಡದಂತೆ ಕಾಯುವ ದ್ರಾವಣ, ಬಾರ್‌ಕೋಡ್ ಚೀಟಿ, ಒಪ್ಪಿಗೆ ಪತ್ರ. ದೊಡ್ಡವರಾದ ಮೇಲೆ ಬರುವ ಸಕ್ಕರೆ ಕಾಯಿಲೆ, ಅಂದರೆ ಟೈಪ್ 2, ನಿಮಗೆ ಬರುವ ಸಾಧ್ಯತೆ ಎಷ್ಟೆಂದು ಜೀನ್ ನೋಡಿ ಹೇಳುತ್ತೇವೆ ಎಂಬುದು ಮಾರುವವರ ಮಾತು. ಇದು ಯಾವುದೋ ಒಂದು ಕಂಪನಿಯದಲ್ಲ, ಆನ್‌ಲೈನ್‌ನಲ್ಲಿ ತರಿಸಿಕೊಳ್ಳುವ ಈ ಬಗೆಯ ಸೇವೆಯ ವಿಮರ್ಶೆ.

ಮೊದಲು ಮಾದರಿ ಕೊಡುವ ಬಗೆ. ಗೆರೆ ಮುಟ್ಟುವಷ್ಟು, ಸಾಮಾನ್ಯವಾಗಿ 2 ಮಿಲಿ ಎಂಜಲು ಬೇಕು, ನೊರೆ ಲೆಕ್ಕಕ್ಕಿಲ್ಲ. ಅದಕ್ಕೆ ಮುಂಚೆ 30 ನಿಮಿಷ ತಿನ್ನುವುದು, ಕುಡಿಯುವುದು, ಬೀಡಿ ಸೇದುವುದು ಬೇಡ. ಮೈಸೂರು, ಮಂಡ್ಯದ ಮನೆಗಳಲ್ಲಿ ಎಡವುವುದು ಎಲೆಅಡಿಕೆಯಲ್ಲಿ. ತಾಂಬೂಲದ ನಾರು, ಸುಣ್ಣ, ಬಣ್ಣ ಸೇರಿದರೆ ಡಿಎನ್‌ಎ ಶುದ್ಧವಾಗಿ ಸಿಗದೆ ಮತ್ತೆ ಕಳಿಸಬೇಕಾಗಬಹುದು. ಬೆಳಿಗ್ಗೆ ಬಾಯಿ ಮುಕ್ಕಳಿಸಿ, ಅರ್ಧ ಗಂಟೆ ಬಿಟ್ಟು, ಕಾಫಿಗೆ ಮುಂಚೆ ಕೊಡುವುದೇ ವಾಸಿ. ಬಾಯಿ ಒಣಗಿದ್ದರೆ ಕೆನ್ನೆಯನ್ನು ಹೊರಗಿನಿಂದ ಮೆಲ್ಲಗೆ ತಿಕ್ಕಿ. ಮುಚ್ಚಳ ಬಿಗಿದ ಮೇಲೆ ದ್ರಾವಣ ಪೂರ್ತಿ ಬೆರೆಯುವ ಹಾಗೆ ಅಲ್ಲಾಡಿಸಿ.

ಈ ಕೆಲಸವೆಲ್ಲ ಸಲೀಸು. ತೊಡಕಿರುವುದು ವರದಿಯಲ್ಲಿ.

ವರದಿಯ ಮೇಲ್ಭಾಗದಲ್ಲಿ ಸಾಮಾನ್ಯವಾಗಿ ಕಾಣುವ ಹೆಸರು ಟಿಸಿಎಫ್7ಎಲ್2. 2006ರಲ್ಲಿ ಐಸ್‌ಲ್ಯಾಂಡ್‌ನ ಸಂಶೋಧಕರು ಗುರುತಿಸಿದ ಈ ಜೀನ್‌ನ ಒಂದು ಮಾರ್ಪಾಡು ಮೇದೋಜೀರಕದಿಂದ ಇನ್ಸುಲಿನ್ ಹೊರಬೀಳುವುದನ್ನು ತಗ್ಗಿಸುತ್ತದೆ. ತಂದೆ ತಾಯಿ ಇಬ್ಬರಿಂದಲೂ ಅದು ಬಂದಿದ್ದರೆ "ಅಪಾಯ 2 ಪಟ್ಟು" ಎಂದು ಕೆಂಪಕ್ಷರದಲ್ಲಿ ಬರುತ್ತದೆ. ಈ 2 ಪಟ್ಟು ಕಾಯಿಲೆ ಬರುವವರಿಗೂ ಬರದವರಿಗೂ ಇರುವ ಅನುಪಾತದ ಲೆಕ್ಕ. ಬಿಡಿಸಿ ನೋಡಿ: ನೂರರಲ್ಲಿ 10 ಜನರಿಗೆ ಬರುವ ಕಡೆ ಇಂಥವರ ನೂರರಲ್ಲಿ ಸುಮಾರು 18 ಜನರಿಗೆ ಬರಬಹುದು, 82 ಜನರಿಗೆ ಬರುವುದಿಲ್ಲ. ಬಲವಾದ ಮಾರ್ಪಾಡಿನ ಕಥೆಯೇ ಇದು. ಉಳಿದ ನೂರಾರು ಮಾರ್ಪಾಡುಗಳ ಪಾಲು ಒಂದೊಂದೂ ಬಲು ಸಣ್ಣದು; ಎಫ್‌ಟಿಒ ಎಂಬ ಜೀನ್‌ನ ಥರದವು ಮೈತೂಕ ಏರಿಸಿ ಆ ದಾರಿಯಲ್ಲಿ ಕೆಲಸ ಮಾಡುತ್ತವೆ. ಎಲ್ಲ ಕೂಡಿಸಿ ಕೊಡುವ ಅಂಕ ಬಹುಪಾಲು ಯುರೋಪಿನವರ ಮಾಹಿತಿಯಿಂದ ಕಟ್ಟಿದ್ದು, ನಮ್ಮವರಿಗೆ ಅಷ್ಟು ಸರಿಯಾಗಿ ಹೊಂದುವುದಿಲ್ಲ. ಯಾವ ಜನರ ಮಾಹಿತಿ ಬಳಸಿದ್ದೀರಿ ಎಂದು ಕೊಳ್ಳುವ ಮುಂಚೆಯೇ ಕೇಳಿ.

ಜೀನ್ ಒಂದೇ ಅಲ್ಲ ಎನ್ನುವುದಕ್ಕೆ ಮೈಸೂರಿನದೇ ಸಾಕ್ಷಿಯಿದೆ. ಹೋಲ್ಡ್ಸ್‌ವರ್ತ್ ಆಸ್ಪತ್ರೆ 1934ರಿಂದ ಕಾಪಾಡಿಕೊಂಡು ಬಂದ ಹೆರಿಗೆ ದಾಖಲೆಗಳ ಮೇಲೆ ನಡೆದು 1998ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹುಟ್ಟುವಾಗ ಉದ್ದ ಕಡಿಮೆಯಿದ್ದು ಮೈ ದುಂಡಗಿದ್ದವರಲ್ಲಿ ಮುಂದೆ ಸಕ್ಕರೆ ಕಾಯಿಲೆ ಹೆಚ್ಚು ಕಂಡಿತ್ತು. ಎಂಥ ಬೆಲೆಬಾಳುವ ದಾಖಲೆ! ಎಂಜಲಿನ ಕಿಟ್ ಇದನ್ನು ಓದಲಾರದು.

ಅದಕ್ಕಿಂತ ಟೇಲರ್ ಟೇಪು ಹೆಚ್ಚು ಹೇಳುತ್ತದೆ. ಚೆನ್ನೈ ಸಂಶೋಧಕರು ರೂಪಿಸಿದ ಭಾರತೀಯ ಮಧುಮೇಹ ಅಪಾಯ ಅಂಕಕ್ಕೆ ಬೇಕಾದ್ದು ನಾಲ್ಕೇ: ವಯಸ್ಸು, ಸೊಂಟದ ಸುತ್ತಳತೆ, ದೇಹಶ್ರಮ, ಹೆತ್ತವರ ಶುಗರ್. ಉದಾಹರಣೆಗೆ, ವಯಸ್ಸು 50 ಮುಟ್ಟಿದರೆ 30 ಅಂಕ. ಸೊಂಟ ಗಂಡಸರಿಗೆ 100, ಹೆಂಗಸರಿಗೆ 90 ಸೆಂಟಿಮೀಟರ್ ಮುಟ್ಟಿದರೆ 20. ಶ್ರಮವೇ ಇಲ್ಲದಿದ್ದರೆ 30. ಹೆತ್ತವರಿಬ್ಬರಿಗೂ ಶುಗರ್ ಇದ್ದರೆ 20. ಒಟ್ಟು 60 ಅಥವಾ ಹೆಚ್ಚು ಬಂದರೆ ರಕ್ತ ಪರೀಕ್ಷೆ ಮಾಡಿಸಿ. ಸುಮಾರು ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಎಚ್‌ಬಿಎ1ಸಿ ಶೇಕಡಾ 5.7ರಿಂದ 6.4 ಇದ್ದರೆ ಹೊಸ್ತಿಲಲ್ಲಿದ್ದೀರಿ, 6.5 ಮುಟ್ಟಿದರೆ ಕಾಯಿಲೆ. ರಕ್ತಹೀನತೆ ಇರುವವರಲ್ಲಿ ಈ ಸಂಖ್ಯೆ ದಾರಿ ತಪ್ಪಿಸುತ್ತದೆ. ಅವರು 75 ಗ್ರಾಂ ಗ್ಲೂಕೋಸ್ ಕುಡಿದು 2 ಗಂಟೆ ಬಿಟ್ಟು ನೋಡುವ ಪರೀಕ್ಷೆ ಕೇಳಲಿ.

ಕಿಟ್‌ಗೆ ನನ್ನ ಅಂಕ: 5ಕ್ಕೆ 2. ಕೆಂಪಕ್ಷರ ಕಂಡು ಎದೆಗುಂದಬೇಡಿ. ಸಕ್ಕರೆ ಕಾಯಿಲೆ ತಡೆಯಲು ಅಮೆರಿಕದಲ್ಲಿ ನಡೆದ ದೊಡ್ಡ ಪ್ರಯೋಗದಲ್ಲಿ, ಟಿಸಿಎಫ್7ಎಲ್2 ಮಾರ್ಪಾಡು ಎರಡೂ ಕಡೆಯಿಂದ ಬಂದವರಿಗೂ ತೂಕ ಇಳಿಸಿ ನಡೆದಾಡಿದ್ದು ಫಲ ಕೊಟ್ಟಿತು. ಇನ್ನೊಂದು ಮಾತು. 25ರೊಳಗೇ ಶುಗರ್ ಬಂದು, ಮೈ ತೆಳ್ಳಗಿದ್ದು, ಮೂರು ತಲೆಮಾರಲ್ಲೂ ಹಾಗೇ ಇದ್ದರೆ ಅದು ಒಂದೇ ಜೀನ್‌ನಿಂದ ಬರುವ ಮೋಡಿ (MODY) ಎಂಬ ಬಗೆಯ ಸಕ್ಕರೆ ಕಾಯಿಲೆಯಿರಬಹುದು. ಅದು ಎಚ್‌ಎನ್‌ಎಫ್1ಎ ಎಂಬ ಜೀನ್‌ನ ದೋಷವಾದರೆ ಇನ್ಸುಲಿನ್ ಸೂಜಿಯ ಬದಲು ಸಲ್ಫೊನೈಲ್‌ಯೂರಿಯಾ ಮಾತ್ರೆಯೇ ಎಷ್ಟೋ ಜನರಿಗೆ ಸಾಕಾಗುತ್ತದೆ. ಈ ಕಿಟ್ ಅದನ್ನು ಹಿಡಿಯುವುದಿಲ್ಲ; ಅಂಥವರು ಎಂಡೋಕ್ರೈನ್ ತಜ್ಞರ ಚೀಟಿ ಹಿಡಿದು ಜೀನ್ ಸೀಕ್ವೆನ್ಸಿಂಗ್ ಮಾಡಿಸಬೇಕು.