ಎಂಡ್-ಫೆಡ್ ಆಂಟೆನಾ ಕಿಟ್: ತಂತಿಗೆ ತಕರಾರಿಲ್ಲ, ಡಬ್ಬಿ ಬಿಚ್ಚಿ ನೋಡಿ

ಚಿಕ್ಕಮಗಳೂರಿನ ಕಾಫಿ ತೋಟದಲ್ಲಿ ಹ್ಯಾಮ್ (ಹವ್ಯಾಸಿ) ರೇಡಿಯೊ ಆಂಟೆನಾಕ್ಕೆ ಕಂಬ ಹುಡುಕಬೇಕಿಲ್ಲ, ಸಿಲ್ವರ್ ಓಕ್ ಸಾಲೇ ಇದೆ. ಒಂದು ತುದಿಗೆ ಕೇಬಲ್ ಕೊಟ್ಟು ಇನ್ನೊಂದನ್ನು ಮರಕ್ಕೆ ಎಳೆದು ಕಟ್ಟುವ ಎಂಡ್-ಫೆಡ್ ಹಾಫ್‌ವೇವ್ (ಅರ್ಧ ತರಂಗದುದ್ದದ) ಕಿಟ್ ಈ ಜಾಗಕ್ಕೆ ಹೇಳಿ ಮಾಡಿಸಿದ ಹಾಗಿದೆ. ಆನ್‌ಲೈನಿನಲ್ಲಿ ಸಿಗುವ ಇಂಥ ಕಿಟ್‌ಗಳಲ್ಲಿ ತಂತಿಯನ್ನು ಕೇಬಲ್ಲಿಗೆ ಹೊಂದಿಸುವ 49:1 ಟ್ರಾನ್ಸ್‌ಫಾರ್ಮರ್ ಡಬ್ಬಿ, ಸುಮಾರು 20 ಮೀಟರ್ ತಂತಿ, ಒಂದು ಇನ್ಸುಲೇಟರ್ ಇರುತ್ತವೆ. 7, 14, 21, 28 ಮೆಗಾಹರ್ಟ್ಸ್ ಬ್ಯಾಂಡ್‌ಗಳಿಗೆ ಒಂದೇ ತಂತಿ ಸಾಕು. 27 ಮೆಗಾಹರ್ಟ್ಸ್ ಸಿಬಿಗೆ (ಜನಸಾಮಾನ್ಯರ ಸಣ್ಣ ದೂರದ ರೇಡಿಯೊ) ಮಾತ್ರ ಇದನ್ನು ಕೊಳ್ಳಬೇಡಿ. ಅದಕ್ಕೆ 2.63 ಮೀಟರಿನ ನೆಟ್ಟಗಿನ ತಂತಿ, ಅಷ್ಟೇ ಉದ್ದದ ನಾಲ್ಕು ರೇಡಿಯಲ್ (ಬುಡದಿಂದ ಸುತ್ತಲೂ ಹರಡುವ ತಂತಿ) ಕಟ್ಟಿದರೆ ಅಗ್ಗ, ಒಳ್ಳೆಯದೂ ಹೌದು.

ಮೋಸ ಆಗುವುದು ಡಬ್ಬಿಯಲ್ಲಿ. ಮೇಲೆ '100 ವ್ಯಾಟ್' ಎಂಬ ಚೀಟಿ ಇರುತ್ತದೆ, ಒಳಗೆ ಬಳೆಗಿಂತ ಚಿಕ್ಕ ಫೆರೈಟ್ ಕೋರ್ (ತಂತಿ ಸುತ್ತುವ ಕಾಂತೀಯ ಉಂಗುರ). 100 ವ್ಯಾಟ್ ಮಾತಿಗೆ ಎಫ್‌ಟಿ240-43 ಗಾತ್ರದ್ದು, ಅಂದರೆ 61 ಮಿಲಿಮೀಟರ್ ವ್ಯಾಸದ್ದು ಬೇಕು. ತಂತಿಯ ಸುತ್ತು ಪ್ರೈಮರಿಗೆ (ಕೇಬಲ್ ಕಡೆಗೆ) 2, ಆಂಟೆನಾ ಕಡೆಗೆ 14. ಪ್ರೈಮರಿಗೆ ಅಡ್ಡಲಾಗಿ 100 ಪಿಕೋಫ್ಯಾರಡ್, 3 ಕಿಲೋವೋಲ್ಟ್ ಕೆಪಾಸಿಟರ್. ಎಸ್‌ಡಬ್ಲ್ಯುಆರ್ (ಹಿಂದಿರುಗುವ ಶಕ್ತಿಯ ಅಳತೆ, 1 ಇದ್ದರೆ ಪೂರ್ತಿ ಹೊಂದಿಕೆ) 1.3 ತೋರಿಸಿತೆಂದು ಸಮಾಧಾನಪಡಬೇಡಿ: ಬಿಸಿಯಾಗಿ ಶಕ್ತಿ ನುಂಗುವ ಕೋರ್ ಕೂಡ ಅಷ್ಟೇ ಚೆಂದದ ಎಸ್‌ಡಬ್ಲ್ಯುಆರ್ ಕೊಡುತ್ತದೆ. ಒಂದು ನಿಮಿಷ 50 ವ್ಯಾಟ್ ಬಿಟ್ಟಾಗ ಎಸ್‌ಡಬ್ಲ್ಯುಆರ್ ಮೀಟರಿನ ಮುಳ್ಳು ಮೇಲೇರುತ್ತಾ ಹೋದರೆ ಕೋರ್ ಸೋಲುತ್ತಿದೆ ಎಂದೇ ಅರ್ಥ. ಒಂದೇ ಥರದ ಎರಡು ಡಬ್ಬಿ ಸಿಕ್ಕರೆ ಬೆನ್ನಿಗೆ ಬೆನ್ನು ಜೋಡಿಸಿ ನ್ಯಾನೊವಿಎನ್‌ಎ ಎಂಬ ಪುಟ್ಟ ಅಳತೆ ಯಂತ್ರದಲ್ಲಿ ಅಳೆಯಿರಿ; ಬಂದ ನಷ್ಟದಲ್ಲಿ ಅರ್ಧ ಒಂದು ಡಬ್ಬಿಯದು. 1 ಡೆಸಿಬೆಲ್ ನಷ್ಟ ಅಂದರೆ ಐದರಲ್ಲಿ ಒಂದು ಪಾಲು ಬರೀ ಶಾಖ. ಎಫ್‌ಟಿ8 (ಕಂಪ್ಯೂಟರ್ ಮೂಲಕದ ಡಿಜಿಟಲ್ ಸಂದೇಶ ವಿಧಾನ) ಹಾಕುವವರು ಶಕ್ತಿಯನ್ನು ಅರ್ಧಕ್ಕೆ ಇಳಿಸಲೇಬೇಕು, ಅಲ್ಲಿ ಕೋರಿಗೆ ಉಸಿರಾಡಲು ಬಿಡುವೇ ಇರುವುದಿಲ್ಲ.

ಕೇಬಲ್ ವಿಷಯದಲ್ಲಿ ಉಳಿತಾಯ ಬೇಡ. 28 ಮೆಗಾಹರ್ಟ್ಸ್‌ನಲ್ಲಿ 25 ಮೀಟರ್ ಆರ್‌ಜಿ-58 ಎಂಬ ತೆಳು ಕೇಬಲ್ ಸುಮಾರು 2 ಡೆಸಿಬೆಲ್ ತಿನ್ನುತ್ತದೆ. ದಪ್ಪನೆಯ ಆರ್‌ಜಿ-213 ಅದರ ಅರ್ಧದಷ್ಟು. ಕಿಟ್‌ಗಳಲ್ಲಿ ಸಾಮಾನ್ಯವಾಗಿ ಬಾರದ ಇನ್ನೊಂದು ವಸ್ತು ಚೋಕ್, ಅಂದರೆ ಕೇಬಲ್ಲಿನ ಹೊರಮೈಯ ಪ್ರವಾಹಕ್ಕೆ ತಡೆ. ಡಬ್ಬಿಯಿಂದ 2 ಮೀಟರ್ ಈಚೆಗೆ, ಇನ್ನೊಂದು ಫೆರೈಟ್ ಕೋರ್ ಮೇಲೆ ಕೇಬಲ್ಲನ್ನು 11 ಸುತ್ತು ಸುತ್ತಿ. ಆ 2 ಮೀಟರೇ ಕೌಂಟರ್‌ಪಾಯ್ಸ್, ಅಂದರೆ ಆಂಟೆನಾದ ಇನ್ನೊಂದು ಕಾಲು. ಚೋಕ್ ಇಲ್ಲದಿದ್ದರೆ ಮನೆಯ ಇನ್ವರ್ಟರ್, ಎಲ್‌ಇಡಿ ಬಲ್ಬುಗಳ ಗದ್ದಲವೆಲ್ಲ ಕೇಬಲ್ಲಿನ ಹೊರಮೈ ಹಿಡಿದು ರಿಸೀವರಿಗೆ ಬರುತ್ತದೆ.

ತಂತಿಯನ್ನು ಮೊದಲೇ ಕತ್ತರಿಸಬೇಡಿ. 7.1 ಮೆಗಾಹರ್ಟ್ಸ್‌ಗೆ ಲೆಕ್ಕ 20.1 ಮೀಟರ್, ಪಿವಿಸಿ ಹೊದಿಕೆ ಇದ್ದರೆ ಸ್ವಲ್ಪ ಕಡಿಮೆ. ತುದಿ ಮಡಚಿ ಹೊಸೆದರೂ ಉದ್ದ ಕಡಿಮೆಯಾದಂತೆಯೇ. 28 ಸೆಂಟಿಮೀಟರಿಗೆ ಆಂಟೆನಾ ಹೊಂದುವ ಆವರ್ತನ ಸುಮಾರು 100 ಕಿಲೋಹರ್ಟ್ಸ್ ಸರಿಯುತ್ತದೆ.

ತಂತಿಯ ದಿಕ್ಕಿನ ಲೆಕ್ಕ ಹಾಕುವವರು ಕಡಿಮೆ, ದೂರದ ಮಾತಿಗೆ ಅದೇ ಮುಖ್ಯ. 14 ಮೆಗಾಹರ್ಟ್ಸ್‌ನಲ್ಲಿ ಇದು ಪೂರ್ಣತರಂಗದ ತಂತಿ. ತಂತಿಯ ಗೆರೆಗೆ ಸುಮಾರು 54 ಡಿಗ್ರಿ ಓರೆಯಾಗಿ ನಾಲ್ಕು ಕಡೆ ಸಿಗ್ನಲ್ ಬೀಸುತ್ತದೆ. ಇಲ್ಲಿಂದ ಉತ್ತರ-ದಕ್ಷಿಣವಾಗಿ ಕಟ್ಟಿದರೆ ಯುರೋಪ್, ಜಪಾನ್, ಆಸ್ಟ್ರೇಲಿಯಾ, ದಕ್ಷಿಣ ಆಫ್ರಿಕಾ ನಾಲ್ಕೂ ಸಾಲಿಗೆ ಬರುತ್ತವೆ. ಎತ್ತರ ಕನಿಷ್ಠ 10 ಮೀಟರ್. ಅದೇ ಎತ್ತರದಲ್ಲಿ 7 ಮೆಗಾಹರ್ಟ್ಸ್ ನೆತ್ತಿಯ ಕಡೆಗೇ ಹೋಗಿ ಆಕಾಶದ ಪದರದಿಂದ ಮರಳುವುದರಿಂದ ಗುಡ್ಡಗಳ ಆಚೆಯ ಹಾಸನ, ಬೆಂಗಳೂರು ಹಗಲಿನಲ್ಲಿ ಚೆನ್ನಾಗಿ ಕೇಳಿಸುತ್ತವೆ.

ಮಲೆನಾಡಿನ ಮಳೆಗೆ ಕಿಟ್ ಹಾಗೆಯೇ ತಡೆಯುವುದಿಲ್ಲ. ಡಬ್ಬಿಯ ಸಾಕೆಟ್ ಕೆಳಮುಖವಾಗಿರಲಿ, ತಳದಲ್ಲಿ ನೀರು ಬಸಿಯಲು 3 ಮಿಲಿಮೀಟರ್ ತೂತು ಕೊರೆಯಿರಿ. ಕನೆಕ್ಟರಿಗೆ ಸೆಲ್ಫ್-ಅಮಾಲ್ಗಮೇಟಿಂಗ್ (ತನಗೆ ತಾನೇ ಬೆಸೆದುಕೊಳ್ಳುವ ರಬ್ಬರ್) ಟೇಪ್ ಸುತ್ತದಿದ್ದರೆ ನೀರು ಕೇಬಲ್ಲಿನ ಹೆಣಿಗೆಯೊಳಗೆ ಮಾರುಗಟ್ಟಲೆ ಇಳಿಯುತ್ತದೆ. 100 ವ್ಯಾಟ್‌ಗೆ ತುದಿಯಲ್ಲಿ 500 ವೋಲ್ಟ್ ಆಸುಪಾಸು ಇರುತ್ತದೆ, ಆದ್ದರಿಂದ ಮೆಣಸಿನ ಬಳ್ಳಿಯ ಒದ್ದೆ ಎಲೆ ತಾಗದಂತೆ ಕೊನೆಯ ಒಂದೆರಡು ಮೀಟರ್ ನೈಲಾನ್ ಹಗ್ಗವೇ ಇರಲಿ. ಓಕ್ ಗಾಳಿಗೆ ಬಹಳ ತೂಗುತ್ತದೆ. ಹಗ್ಗವನ್ನು ಮರಕ್ಕೆ ಬಿಗಿಯದೆ ರಾಟೆಯ ಮೇಲೆ ಹಾಯಿಸಿ 3-4 ಕಿಲೋ ಭಾರ ತೂಗುಬಿಡಿ. ಕರೆಂಟ್ ಲೈನ್ ಹಾದ ಸಾಲಿನ ಹತ್ತಿರ ಎಳೆಯಲೇಬೇಡಿ, ಮತ್ತು ಮರಗಸಿಗೆ (ನೆರಳು ಮರಗಳ ಕೊಂಬೆ ಕಡಿಯಲು) ಬರುವವರಿಗೆ ತಂತಿ ಎಲ್ಲಿದೆಯೆಂದು ಮೊದಲೇ ತೋರಿಸಿಡಿ.