ಟೊಮೆಟೊ ಗಾಡಿ, ದೊಡ್ಡ ವೂಫರ್, ಇಳಿದುಹೋಗುವ ಬ್ಯಾಟರಿ: ಯುನಿ-ಟಿ ಯುಟಿ210ಇ ಕ್ಲ್ಯಾಂಪ್ ಮೀಟರ್ ಎಷ್ಟು ಕೆಲಸಕ್ಕೆ ಬರುತ್ತದೆ

ಟೊಮೆಟೊ ಸೀಸನ್ನಿನಲ್ಲಿ ಕೋಲಾರದ ಎಪಿಎಂಸಿ ಯಾರ್ಡಿನ ಮುಂದೆ ಪಿಕಪ್‌ಗಳು ಗಂಟೆಗಟ್ಟಲೆ ಐಡ್ಲಿಂಗ್‌ನಲ್ಲಿ ನಿಂತಿರುತ್ತವೆ. ಹಾಡು ಜೋರಾಗಿ ಓಡುತ್ತಿರುತ್ತದೆ, ಜೊತೆಗೆ ಫ್ಯಾನು, ಪಾರ್ಕಿಂಗ್ ಲೈಟು, ಕ್ಯಾಬಿನ್ ಸುತ್ತ ಎಲ್‌ಇಡಿ ಸರ. ಎಂಜಿನ್ ಬಲದಿಂದ ಕರೆಂಟ್ ಹುಟ್ಟಿಸುವ ಆಲ್ಟರ್ನೇಟರ್‌ಗೆ (ಗ್ಯಾರೇಜ್ ಮಾತಿನಲ್ಲಿ ಡೈನಮೋ) ಇದಕ್ಕಿಂತ ಕಷ್ಟದ ಹೊತ್ತು ಇನ್ನೊಂದಿಲ್ಲ. ಐಡ್ಲಿಂಗ್‌ನಲ್ಲಿ ಅದು ಲೇಬಲ್ ಮೇಲೆ ಬರೆದ ಆಂಪಿಯರ್‌ನಲ್ಲಿ ಅರ್ಧದಷ್ಟು ಕೊಟ್ಟರೆ ಹೆಚ್ಚು, ಬಿಸಿಯಾದರೆ ಅದೂ ಇಳಿಯುತ್ತದೆ. ಮರುದಿನ ಸೆಲ್ಫ್ ಎತ್ತುವುದಿಲ್ಲ. ‘ಡೈನಮೋ ಹೋಗಿದೆ’ ಎಂದು ತೀರ್ಮಾನವಾಗಿ ಹೊಸದು ಕೂರುತ್ತದೆ, ಹದಿನೈದು ದಿನಕ್ಕೆ ಮತ್ತೆ ಅದೇ ಕಥೆ. ಆಡಿಯೋ ಹಾಕಿಸಿದ ಗಾಡಿಯಲ್ಲಿ ವೋಲ್ಟ್ ಒಂದನ್ನೇ ನೋಡಿದರೆ ಕಾಯಿಲೆ ತಿಳಿಯುವುದಿಲ್ಲ. ಕರೆಂಟ್ ಎಲ್ಲಿಂದ ಹೊರಟು ಎಲ್ಲಿಗೆ ಹೋಗುತ್ತಿದೆ ಎಂದು ಅಳೆಯಬೇಕು. ಆ ಕೆಲಸಕ್ಕೆ, ವೈರ್ ಬಿಚ್ಚದೆ ದವಡೆಯಲ್ಲಿ ಹಿಡಿದು ಕರೆಂಟ್ ಓದುವ ಯುಟಿ210ಇ ಎಂಬ ಈ ಪುಟ್ಟ ಮೀಟರ್ ಹೇಳಿ ಮಾಡಿಸಿದ ಹಾಗಿದೆ.

ಕೊಳ್ಳುವಾಗಲೇ ಎಚ್ಚರ ಬೇಕು. ಮನೆ ವೈರಿಂಗ್‌ಗೆಂದು ಅಂಗಡಿಗಳಲ್ಲಿ ಸಿಗುವ ಹೆಚ್ಚಿನ ಕ್ಲ್ಯಾಂಪ್ ಮೀಟರ್‌ಗಳ ದವಡೆ ಎಸಿ ಕರೆಂಟ್ ಮಾತ್ರ ಓದುತ್ತದೆ, ಗಾಡಿಯ ಬ್ಯಾಟರಿಯದು ಡಿಸಿ. ಮುಖದ ಮೇಲೆ ‘ಡಿಸಿ’ ಎಂದಿದ್ದರೂ ಅದು ವೋಲ್ಟ್‌ಗೆ ಮಾತ್ರ. ಇದೇ ಸಾಲಿನ ಯುಟಿ210ಎ ಸಹ ಎಸಿ ಮೀಟರೇ, ಗಾಡಿಗೆ ಉಪಯೋಗವಿಲ್ಲ. ಕೊನೆಯ ಅಕ್ಷರ ‘ಇ’ ಇರುವುದನ್ನೇ ಕೇಳಿ ಪಡೆಯಿರಿ. ಇದರಲ್ಲಿ ಡಿಸಿ ಕರೆಂಟ್‌ಗೆ 2, 20 ಮತ್ತು 100 ಆಂಪಿಯರ್ ರೇಂಜ್‌ಗಳಿವೆ. 2 ಆಂಪಿಯರ್ ರೇಂಜಿನಲ್ಲಿ 1 ಮಿಲಿಆಂಪಿಯರ್‌ವರೆಗೂ ಕಾಣುತ್ತದೆ. ಎರಡು ಸಣ್ಣ ಎಎಎ ಸೆಲ್ ಸಾಕು, ಜೇಬಿನಲ್ಲಿ ಕೂರುತ್ತದೆ.

ಕ್ಲ್ಯಾಂಪ್ ಹಾಕುವ ಮೊದಲು ವೋಲ್ಟ್ ನೋಡಿಬಿಡಿ. ಎರಡು ನಿಮಿಷ ಹೆಡ್‌ಲೈಟ್ ಉರಿಸಿ ಆರಿಸಿ, ಸ್ವಲ್ಪ ಹೊತ್ತು ಬಿಟ್ಟು ಬ್ಯಾಟರಿ ಅಳೆದರೆ 12.6 ಬರಬೇಕು. 12.2 ಎಂದರೆ ಅರ್ಧ ಖಾಲಿ. ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಇಳಿದರೆ ಮೊದಲು ಬ್ಯಾಟರಿ ಚಾರ್ಜ್ ಮಾಡಿಸಿ ಮತ್ತೆ ಪರೀಕ್ಷಿಸಿ. ಸತ್ತ ಬ್ಯಾಟರಿ ಇಟ್ಟುಕೊಂಡು ಆಲ್ಟರ್ನೇಟರ್ ಪರೀಕ್ಷೆ ಮಾಡಿ ಪ್ರಯೋಜನವಿಲ್ಲ. ಎಂಜಿನ್ ಓಡುವಾಗ, ಆಡಿಯೋ ಆಫ್ ಇದ್ದಾಗ, 13.8ರಿಂದ 14.4 ಇದ್ದರೆ ಸರಿ. ಎಂಜಿನ್ ಓಡುತ್ತಿರುವಾಗ ಬ್ಯಾಟರಿ ಟರ್ಮಿನಲ್ ಕಿತ್ತು ‘ಡೈನಮೋ ಟೆಸ್ಟ್’ ಮಾಡುವ ಹಳೆಯ ರೂಢಿಯನ್ನು ದಯವಿಟ್ಟು ಬಿಡಿ. ಆ ಕ್ಷಣ ಏಳುವ ವೋಲ್ಟೇಜು ವೋಲ್ಟ್ ಹತೋಟಿಯಲ್ಲಿಡುವ ರೆಗ್ಯುಲೇಟರನ್ನೂ ಎಂಜಿನ್ನಿನ ಕಂಪ್ಯೂಟರ್ ಆದ ಇಸಿಯುವನ್ನೂ ಆಂಪ್ಲಿಫೈಯರನ್ನೂ ಒಟ್ಟಿಗೆ ಸುಡಬಲ್ಲದು.

ಇನ್ನು ಮುಖ್ಯ ಪರೀಕ್ಷೆ. ಡಿಸಿ ಕ್ಲ್ಯಾಂಪ್ ಭೂಮಿಯ ಕಾಂತಕ್ಕೂ ಹತ್ತಿರದ ಕಬ್ಬಿಣಕ್ಕೂ ಸ್ಪಂದಿಸುತ್ತದೆ. ಹಾಗಾಗಿ ಮೀಟರನ್ನು ಅಳೆಯುವ ಜಾಗಕ್ಕೇ ಒಯ್ದು, ಅದೇ ದಿಕ್ಕಿನಲ್ಲಿ ಹಿಡಿದು, ದವಡೆ ಖಾಲಿಯಿದ್ದಾಗ ಝೀರೋ ಬಟನ್ ಒತ್ತಿ, ಆಮೇಲೆ ವೈರ್ ಒಳಗೆ ಬಿಡಿ. ಹೀಗೆ ಮಾಡದೆ ಬಂದ ರೀಡಿಂಗ್ ನಂಬುವಂತಿಲ್ಲ. ಬ್ಯಾಟರಿಯ ಪಾಸಿಟಿವ್ ಕೇಬಲ್‌ಗೆ ಹಾಕಿ, ಎಂಜಿನ್ ಆಫ್ ಮಾಡಿ ಹೆಡ್‌ಲೈಟ್ ಹಾಕಿ. ಆಗ ಬರುವ ಚಿಹ್ನೆ ಪ್ಲಸ್ಸೋ ಮೈನಸ್ಸೋ, ಅದೇ ‘ಬ್ಯಾಟರಿ ಖಾಲಿಯಾಗುತ್ತಿದೆ’ ಎಂಬ ಗುರುತು. ಬ್ಯಾಟರಿ ಟರ್ಮಿನಲ್‌ಗೆ ಆಂಪ್ಲಿಫೈಯರ್ ಕೇಬಲ್ ಬೇರೆಯಾಗಿ ಬಂದಿದ್ದರೆ ಎಲ್ಲವನ್ನೂ ಸೇರಿಸಿಯೇ ದವಡೆಯೊಳಗೆ ತರಬೇಕು, ಅಥವಾ ಒಂದೊಂದನ್ನೇ ಅಳೆದು ಚಿಹ್ನೆ ಸಮೇತ ಕೂಡಿಸಬೇಕು.

ಈಗ ಎಂಜಿನ್ ಸ್ಟಾರ್ಟ್ ಮಾಡಿ ಮೊಬೈಲಿನಿಂದ 50 ಹರ್ಟ್ಜ್ ಟೋನ್ ಬಿಡಿ. ಹಾಡಿನ ಬೇಸ್ ಹೊಡೆತಕ್ಕೆ ಕರೆಂಟ್ ಕುಣಿಯುತ್ತದೆ, ಮೀಟರಿನ ಡಿಸ್‌ಪ್ಲೇ ಆ ವೇಗಕ್ಕೆ ಏಗುವುದಿಲ್ಲ. ಟೋನ್ ಆದರೆ ಅಂಕಿ ನಿಲ್ಲುತ್ತದೆ. ಹತ್ತು ಸೆಕೆಂಡಿಗಿಂತ ಹೆಚ್ಚು ಬೇಡ, ವೂಫರ್ ಕಾಯಿಲ್ ಬಿಸಿಯಾಗುತ್ತದೆ. ಆಲ್ಟರ್ನೇಟರಿನಿಂದ ಕರೆಂಟ್ ಹೊರಬರುವ ಬಿ ಪ್ಲಸ್ ವೈರಿನಲ್ಲಿ ಒಮ್ಮೆ, ಬ್ಯಾಟರಿಯಲ್ಲಿ ಒಮ್ಮೆ ನೋಡಿ. ಐಡ್ಲಿಂಗ್‌ನಲ್ಲಿ ಆಲ್ಟರ್ನೇಟರಿನಿಂದ 50, ಬ್ಯಾಟರಿಯಿಂದ 40 ಆಂಪಿಯರ್ ಹೊರಡುತ್ತಿದೆ ಎಂದಿಟ್ಟುಕೊಳ್ಳಿ. ಒಟ್ಟು ಬೇಡಿಕೆ 90. ರೇಸ್ ಕೊಟ್ಟು 1800 ಆರ್‌ಪಿಎಂಗೆ ತಂದಾಗ ಆಲ್ಟರ್ನೇಟರ್ 85ಕ್ಕೆ ಏರಿ ಬ್ಯಾಟರಿ ಪಾಲು 5ಕ್ಕೆ ಇಳಿದರೆ ಆಲ್ಟರ್ನೇಟರ್ ಗಟ್ಟಿಯಾಗಿದೆ, ಹೊರೆಯೇ ಜಾಸ್ತಿ. ರೇಸ್ ಕೊಟ್ಟರೂ 30 ದಾಟದೆ, ವೋಲ್ಟ್ 12.4ರಲ್ಲೇ ಕೂತಿದ್ದರೆ ಆಗ ಮಾತ್ರ ಬೆಲ್ಟು, ಕಾರ್ಬನ್ ಬ್ರಷ್, ರೆಗ್ಯುಲೇಟರ್, ಎಸಿಯನ್ನು ಡಿಸಿ ಮಾಡುವ ಡಯೋಡ್ ಕಡೆ ತಿರುಗಿ. ಹೊಸ ಡೈನಮೋಗೆ ದುಡ್ಡು ಹಾಕಬೇಕೇ ಬೇಡವೇ ಎನ್ನುವುದು ಈ ಒಂದು ವ್ಯತ್ಯಾಸದಲ್ಲೇ ನಿರ್ಧಾರವಾಗುತ್ತದೆ.

ಡಯೋಡ್ ಅನುಮಾನವಿದ್ದರೆ ಮೀಟರನ್ನು ಎಸಿ ವೋಲ್ಟ್‌ಗೆ ತಿರುಗಿಸಿ, ಲೋಡ್ ಹಾಕಿ ಬ್ಯಾಟರಿಯ ಮೇಲೆ ಅಳೆಯಿರಿ. 0.1 ವೋಲ್ಟ್ ಒಳಗಿದ್ದರೆ ಚಿಂತೆಯಿಲ್ಲ, 0.5 ದಾಟಿದರೆ ಡಯೋಡ್ ಪ್ಲೇಟ್ ಬಿಚ್ಚಿ ನೋಡಲೇಬೇಕು. ಎಷ್ಟೋ ಡೀಸೆಲ್ ಗಾಡಿಗಳಲ್ಲಿ ಬ್ರೇಕಿನ ವ್ಯಾಕ್ಯೂಮ್ ಪಂಪ್ ಆಲ್ಟರ್ನೇಟರಿನ ಬೆನ್ನಿಗೇ ಇರುತ್ತದೆ. ಅದರ ಸೀಲ್ ಹೋದರೆ ಎಣ್ಣೆ ಒಳಗಿಳಿದು ಬ್ರಷ್ ನೆನೆಯುತ್ತದೆ. ಸೀಲ್ ಬದಲಿಸದೆ ಬ್ರಷ್ ಮಾತ್ರ ಹಾಕಿದರೆ ರಿಪೇರಿ ಬಾಳುವುದಿಲ್ಲ.

ಸಾಮಾನ್ಯವಾಗಿ ಕಳ್ಳ ಸಿಗುವುದು ಕೇಬಲ್ಲಿನಲ್ಲಿ. ಟೋನ್ ಓಡುತ್ತಿರುವಾಗ ಬಿ ಪ್ಲಸ್‌ನಿಂದ ಬ್ಯಾಟರಿ ಪಾಸಿಟಿವ್‌ಗೆ ವೋಲ್ಟ್ ಅಳೆದರೆ 0.3 ಮೀರಬಾರದು. ಆಲ್ಟರ್ನೇಟರ್ ಬಾಡಿಯಿಂದ ಬ್ಯಾಟರಿ ನೆಗೆಟಿವ್‌ಗೆ 0.2 ಮೀರಬಾರದು. ಮೀರಿದರೆ ಕೇಬಲ್ ತುದಿಯ ಲಗ್ ಬಿಚ್ಚಿ. ಚಾಸಿಸ್‌ನ ಅರ್ಥ್ ಬೋಲ್ಟಿನ ಕೆಳಗೆ ಪೇಂಟ್ ಹಾಗೇ ಇರುತ್ತದೆ, ಬೋಲ್ಟ್ ಕಚ್ಚಿದಲ್ಲಿ ಮಾತ್ರ ತೆಳುವಾದ ಹೊಳೆಯುವ ಉಂಗುರ, ಅದರ ಸುತ್ತ ತುಕ್ಕು. ಬೇಸಿನ ಅಷ್ಟೂ ಕರೆಂಟ್ ಆ ಉಂಗುರದ ಮೂಲಕ ಹಾಯಬೇಕು. ಉಪ್ಪುಕಾಗದದಿಂದ ಬಿಳಿ ಲೋಹ ಕಾಣುವವರೆಗೆ ಉಜ್ಜಿ, ಬಿಗಿ ಮಾಡಿ, ಮೇಲೆ ಗ್ರೀಸ್ ಸವರಿ. ಎಂಜಿನ್‌ನಿಂದ ಚಾಸಿಸ್‌ಗೆ ಹೋಗುವ ಅರ್ಥ್ ಪಟ್ಟಿಯನ್ನೂ ಮರೆಯಬೇಡಿ.

ವೈರಿನ ಗುಣವನ್ನೂ ಬ್ಲೇಡಿನಲ್ಲಿ ಕೆರೆದು ನೋಡಿ. ತಾಮ್ರದ ಬಣ್ಣದ ಕೆಳಗೆ ಬಿಳುಪು ಕಂಡರೆ ಅದು ಅಲ್ಯೂಮಿನಿಯಂ ಮೇಲೆ ತಾಮ್ರ ಲೇಪಿಸಿದ್ದು, ಪ್ರತಿರೋಧ ಸುಮಾರು ಒಂದೂವರೆ ಪಟ್ಟು. ಅಪ್ಪಟ ತಾಮ್ರದ 10 ಚದರ ಮಿ.ಮೀ. ಕೇಬಲ್ 5 ಮೀಟರ್ ದೂರಕ್ಕೆ 90 ಆಂಪಿಯರ್ ಒಯ್ದರೆ ದಾರಿಯಲ್ಲೇ ಸುಮಾರು 0.8 ವೋಲ್ಟ್ ಹೋಗುತ್ತದೆ. 25 ಚದರ ಮಿ.ಮೀ. ಹಾಕಿದರೆ 0.3 ಅಷ್ಟೇ. ಬ್ಯಾಟರಿಯಿಂದ 45 ಸೆಂ.ಮೀ. ಒಳಗೆ ಫ್ಯೂಸ್ ಇರಲೇಬೇಕು, ಇಲ್ಲದಿದ್ದರೆ ಉಜ್ಜಿ ಸಿಪ್ಪೆ ಹೋದ ಕೇಬಲ್ ಬಾಡಿಗೆ ತಾಗಿ ಗಾಡಿಯನ್ನೇ ಸುಡುತ್ತದೆ.

ಬೇಸ್ ಹೊಡೆತಕ್ಕೆ ಹೆಡ್‌ಲೈಟ್ ಮಂಕಾಗುತ್ತದೆಂದು ಕೆಪಾಸಿಟರ್ ಹಾಕಿಸುವುದುಂಟು. 1 ಫ್ಯಾರಡ್ ಕೆಪಾಸಿಟರ್ 14ರಿಂದ 12 ವೋಲ್ಟ್‌ಗೆ ಇಳಿಯುವಾಗ ಕೊಡುವುದು 26 ಜೂಲ್. ಸಾವಿರ ವಾಟಿನ ಬೇಡಿಕೆಗೆ ಅದು ಸೆಕೆಂಡಿನ ನಲವತ್ತನೇ ಒಂದು ಪಾಲು. ಆ ದುಡ್ಡು ಕೇಬಲ್‌ಗೆ ಹೋಗಲಿ.

ಹಾಡಿಲ್ಲದಿದ್ದರೂ ರಾತ್ರಿ ಬ್ಯಾಟರಿ ಇಳಿಯುತ್ತಿದ್ದರೆ 2 ಆಂಪಿಯರ್ ರೇಂಜಿಗೆ ಬನ್ನಿ. ಕೀ ತೆಗೆದು ಅರ್ಧ ಗಂಟೆ ಬಿಟ್ಟು ನೋಡಿದಾಗ 50 ಮಿಲಿಆಂಪಿಯರ್ ಒಳಗಿರಬೇಕು. ಹೆಚ್ಚಿದ್ದರೆ ಆಂಪ್ಲಿಫೈಯರನ್ನು ಆನ್ ಮಾಡುವ ತೆಳು ರಿಮೋಟ್ ವೈರ್ ಹಿಡಿದು ಹೋಗಿ. ಅದನ್ನು ಕೀಗೆ ಕೊಡದೆ ನೇರ ಬ್ಯಾಟರಿಗೆ ಕೊಟ್ಟಿದ್ದರೆ ಆಂಪ್ಲಿಫೈಯರ್ ರಾತ್ರಿಯಿಡೀ ಎಚ್ಚರವಾಗಿರುತ್ತದೆ. ಇಷ್ಟು ಸಣ್ಣ ಕರೆಂಟನ್ನು ಟರ್ಮಿನಲ್ ಬಿಚ್ಚದೆ ಓದುವುದು ಈ ಮೀಟರಿನ ದೊಡ್ಡ ಗುಣ.

ಮಿತಿಗಳೂ ಇವೆ. 100 ಆಂಪಿಯರ್‌ಗೆ ಮುಗಿಯುತ್ತದೆ, ಆದ್ದರಿಂದ ಸೆಲ್ಫ್ ಮೋಟಾರಿನ ಕರೆಂಟ್ ಅಳೆಯಲಾಗದು. ದವಡೆ 17 ಮಿ.ಮೀ. ಮಾತ್ರ, ಟೇಪ್ ಸುತ್ತಿದ ಕಟ್ಟಿಗೆ ಹಿಡಿಸುವುದಿಲ್ಲ. ಆಂಪ್ಲಿಫೈಯರಿನ ಬೇಡಿಕೆ ನೂರು ದಾಟಿದರೆ ಆಲ್ಟರ್ನೇಟರ್ ಪಾಲು, ಬ್ಯಾಟರಿ ಪಾಲು ಬೇರೆ ಬೇರೆ ಅಳೆದು ಕೂಡಿಸಿಕೊಳ್ಳಬಹುದು. ಸ್ಟಾರ್ಟರ್ ಕೆಲಸವೂ ಮಾಡುವವರು 400 ಆಂಪಿಯರ್‌ಗಿಂತ ಮೇಲಿನದನ್ನು ಜೊತೆಗಿಟ್ಟುಕೊಳ್ಳಬೇಕು.

ಕ್ರಷರ್‌ಗಳಿಗೆ ಓಡುವ 24 ವೋಲ್ಟ್ ಟಿಪ್ಪರ್‌ಗಳ ವಿಷಯ ಬೇರೆ. ಆಡಿಯೋಗೆ 12 ವೋಲ್ಟ್ ಬೇಕೆಂದು ಎರಡು ಬ್ಯಾಟರಿಗಳ ನಡುವಿನಿಂದ ವೈರ್ ಎಳೆದಿರುತ್ತಾರೆ. ಒಟ್ಟು 28 ವೋಲ್ಟ್ ಸರಿಯಾಗಿಯೇ ಕಾಣುತ್ತದೆ, ಆದರೆ ಬಿಡಿಬಿಡಿಯಾಗಿ ಅಳೆದರೆ ಒಂದು 12.8, ಇನ್ನೊಂದು 15.2. ಹಾಡು ನುಂಗುವ ಬ್ಯಾಟರಿ ಹಸಿದಿರುತ್ತದೆ, ಅದರ ಜೋಡಿ ನೀರು ಕುದಿಸಿ ಒಣಗುತ್ತದೆ. ನಡುವಿನಿಂದ ಎಳೆದ ಆ ವೈರಿಗೇ ಕ್ಲ್ಯಾಂಪ್ ಹಾಕಿದರೆ ಆಡಿಯೋ ಎಳೆಯುವ ಕರೆಂಟ್ ಸಿಗುತ್ತದೆ. ಆ ಅಂಕಿಗೆ ತಕ್ಕ 24ರಿಂದ 12 ವೋಲ್ಟ್ ಕನ್ವರ್ಟರ್ ಹಾಕಿಸಿ, ನಡುವಿನ ವೈರ್ ಕಿತ್ತುಹಾಕಿ, ಎರಡೂ ಬ್ಯಾಟರಿಗಳನ್ನು ಬೇರೆ ಬೇರೆಯಾಗಿ ಪೂರ್ತಿ ಚಾರ್ಜ್ ಮಾಡಿಸಿ ಮತ್ತೆ ಜೋಡಿಸಿ.