ಕುಬರ್ನೆಟೀಸ್ ಕ್ರಾನ್‌ಜಾಬ್‌ನ ಟೈಮ್‌ಜೋನ್ ಸೌಲಭ್ಯ: ಒಂದು ವಿಮರ್ಶೆ

ಹಲವು ಕಂಪ್ಯೂಟರ್‌ಗಳಲ್ಲಿ ಕಂಟೇನರ್‌ಗಳನ್ನು (ಬೇಕಾದ ಫೈಲುಗಳೊಂದಿಗೆ ಪ್ರತ್ಯೇಕವಾಗಿ ಓಡುವ ಪ್ರೋಗ್ರಾಂಗಳನ್ನು) ನಡೆಸುವ ತಂತ್ರಾಂಶವೇ ಕುಬರ್ನೆಟೀಸ್; ಅದರಲ್ಲಿ ನಿಗದಿತ ವೇಳೆಗೆ ಕೆಲಸ ಆರಂಭಿಸುವುದು ಕ್ರಾನ್‌ಜಾಬ್. ಆ ವೇಳೆ ಯಾವ ಸಮಯವಲಯದ್ದು ಎಂದು ತಿಳಿಸಲು ಇರುವ, ಕುಬರ್ನೆಟೀಸ್‌ನ 1.27ನೇ ಆವೃತ್ತಿಯಲ್ಲಿ, ಅಂದರೆ 2023ರಲ್ಲಿ, ಸ್ಥಿರಗೊಂಡ ಈ ಸೌಲಭ್ಯವನ್ನು ನಾನು ಮನಸಾರೆ ಮೆಚ್ಚುತ್ತೇನೆ. ಮೊದಲು, ಯುಟಿಸಿಯಲ್ಲಿ (ಜಾಗತಿಕ ಪ್ರಮಾಣ ಸಮಯದಲ್ಲಿ) ನಡೆಯುವ ಕ್ಲಸ್ಟರ್‌ಗಳಲ್ಲಿ, ಅಂದರೆ ಕುಬರ್ನೆಟೀಸ್ ನಡೆಸುವ ಕಂಪ್ಯೂಟರ್ ಗುಂಪುಗಳಲ್ಲಿ, ಭಾರತೀಯ ಕಾಲಮಾನದ ಸೋಮವಾರ ಬೆಳಗಿನ ಜಾವ 4ಕ್ಕೆ ಆಗಬೇಕಾದ ಕೆಲಸವನ್ನು ಐದೂವರೆ ಗಂಟೆ ಕಳೆದು ಭಾನುವಾರ ರಾತ್ರಿ 10:30 ಎಂದು ಬರೆಯಬೇಕಿತ್ತು; ದಿನವೇ ಬದಲಾಗುವ ಈ ಲೆಕ್ಕ ಎಷ್ಟು ಸುಲಭವಾಗಿ ತಪ್ಪುತ್ತದೆ ಎಂಬುದು ಬರೆದವರಿಗೆ ಗೊತ್ತು. ಈಗ ಭಾರತದ ಸಮಯವಲಯದ ಹೆಸರಾದ ‘ಏಷ್ಯಾ/ಕೋಲ್ಕತಾ’ (Asia/Kolkata) ಎಂದು ನಮೂದಿಸಿದರೆ ಸಾಕು.

ಆದರೆ ಇದು ಕೆಲಸ ಆರಂಭವಾಗುವ ಹೊತ್ತನ್ನಷ್ಟೇ ನಿರ್ಧರಿಸುತ್ತದೆ. ಕಂಟೇನರ್‌ನ ಒಳಗೆ ಕಾಣುವ ಸಮಯ ಬೇರೆಯೇ ವಿಷಯ: ನೋಡ್‌ನ (ಕ್ಲಸ್ಟರ್‌ನ ಒಂದು ಕಂಪ್ಯೂಟರ್‌ನ) ಸಮಯವಲಯ ಬದಲಿಸಿದರೂ ಕಂಟೇನರ್ ಅದನ್ನು ತಾನಾಗಿ ಅನುಸರಿಸುವುದಿಲ್ಲ. ಕಂಟೇನರ್‌ಗೆ ‘ಟಿಝಡ್’ (TZ) ಎಂಬ ಎನ್ವಿರಾನ್‌ಮೆಂಟ್ ವೇರಿಯಬಲ್ (ಪ್ರೋಗ್ರಾಂ ಓದಿಕೊಳ್ಳುವ ಹೊರಗಿನ ಸೆಟ್ಟಿಂಗ್) ಕೊಡಬೇಕು, ಕಂಟೇನರ್ ತಯಾರಾಗುವ ಇಮೇಜ್ ಆಲ್ಪೈನ್ ಲಿನಕ್ಸ್‌ನಂಥ ಪುಟ್ಟದಾದರೆ ಸಮಯವಲಯಗಳ ಮಾಹಿತಿಯಿರುವ ‘ಟಿಝಡ್‌ಡೇಟಾ’ (tzdata) ಪ್ಯಾಕೇಜನ್ನೂ ಸೇರಿಸಬೇಕು. ನೋಡ್‌ಗಳನ್ನು ಮಾತ್ರ ಯುಟಿಸಿಯಲ್ಲೇ ಬಿಡುವುದು ಲೇಸೆಂದು ನನ್ನ ಅಭಿಪ್ರಾಯ.